ಮಳೆ ನಿಂತ ಮೇಲಿನ ಹನಿ
ತಡವಿರುವ ವ್ಯವಸ್ಥೆಗಳ ಗರಿಷ್ಠ ಮಟ್ಟವನ್ನು ಕಟ್ಟಿಹಾಕುವ ಗಣಿತ

(ಬೆಂಗಳೂರಿನ ರಾಜಾಜಿನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನು ಇಟ್ಟವರು ಗಣಿತದ ಮೇಷ್ಟ್ರು. ಅವರ ಷರತ್ತು ಎರಡೇ ಎಂದು ಸಂಘಟಕರು ಹೇಳಿದರು. ಉಪನ್ಯಾಸ ಕನ್ನಡದಲ್ಲಿರಬೇಕು, ಕೇಳುವವರು ಹೆದರುತ್ತಾರೆಂದು ಗಣಿತವನ್ನು ಬಿಟ್ಟು ಬರೀ ಕಥೆ ಹೇಳಬಾರದು. ಮೊದಲನೆಯದು ನನಗೆ ಸುಲಭ. ಎರಡನೆಯದಕ್ಕೆ ನಿಮ್ಮ ಸಹಕಾರ ಬೇಕು. ಸೂತ್ರಗಳನ್ನು ಹಲಗೆಯ ಮೇಲೆ ಬರೆಯುವುದಿಲ್ಲ, ಆದರೆ ಲೆಕ್ಕವನ್ನು ಮಾಡದೆ ಬಿಡುವುದೂ ಇಲ್ಲ.

ನಮ್ಮಲ್ಲೊಂದು ಗಾದೆಯಿದೆ: ಮಳೆ ನಿಂತರೂ ಮರದ ಹನಿ ನಿಲ್ಲದು. ಕಾರಣ ಮುಗಿದ ಮೇಲೂ ಪರಿಣಾಮ ಮುಗಿಯದೆ ಇರುವ ಸ್ಥಿತಿಗೆ ಇದಕ್ಕಿಂತ ಚಿಕ್ಕ ವಿವರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಇಂದಿನ ಪ್ರಶ್ನೆ ಈ ಗಾದೆಯ ಮುಂದಿನ ಹೆಜ್ಜೆ. ಮಳೆ ನಿಂತ ಮೇಲೂ ಏರುತ್ತಲೇ ಇರುವ ನೀರು ಹೆಚ್ಚೆಂದರೆ ಎಲ್ಲಿಯವರೆಗೆ ಏರಬಹುದು? ಅದನ್ನು ಮೊದಲೇ ಹೇಳಬಹುದೇ? ಹೇಳಿದ ಮಾತಿಗೆ ಜಾಮೀನು ಕೊಡಬಹುದೇ?

ಬಚ್ಚಲುಮನೆಯ ಪಾಠ

ಮನೆಯಿಂದಲೇ ಶುರು ಮಾಡೋಣ. ಟೆರೇಸಿನ ಮೇಲೆ ಸೋಲಾರ್ ಹೀಟರು, ಕೆಳಗಡೆ ಬಚ್ಚಲುಮನೆ. ನಲ್ಲಿ ತಿರುಗಿಸಿದ ಫಲ ಪೈಪಿನುದ್ದಕ್ಕೂ ಹರಿದು ಮೈಗೆ ತಾಗಲು ಒಂದು ನಿಮಿಷ ಬೇಕು ಎಂದಿಟ್ಟುಕೊಳ್ಳಿ. ನೀರು ನಿಮಗೆ ಬೇಕಾದದ್ದಕ್ಕಿಂತ 10 ಡಿಗ್ರಿ ತಣ್ಣಗಿದೆ. ನೀವು ಬಿಸಿನೀರಿನ ನಲ್ಲಿಯನ್ನು ತಿರುಗಿಸುತ್ತೀರಿ. ತಿರುಗಿಸುವ ವೇಗಕ್ಕೆ ಒಂದು ನಿಯಮವಿರಲಿ: ಈ ಕ್ಷಣ ಎಷ್ಟು ಡಿಗ್ರಿ ತಣ್ಣಗೆ ಎನಿಸುತ್ತಿದೆಯೋ, ನಿಮಿಷಕ್ಕೆ ಅಷ್ಟು ಡಿಗ್ರಿ ಏರುವಂತೆ.

ನೀವು ಈಗ ತಿರುಗಿಸಿದ್ದು ತಾಗುವುದು ಒಂದು ನಿಮಿಷದ ನಂತರ ತಾನೆ? ಆದ್ದರಿಂದ ನೀರಿನ ಬಿಸಿ ಈಗ ಏರುತ್ತಿರುವ ವೇಗವನ್ನು ನಿರ್ಧರಿಸುವುದು ಈಗಿನ ಚಳಿಯಲ್ಲ, ಒಂದು ನಿಮಿಷದ ಹಿಂದಿನ ಚಳಿ. ಲೆಕ್ಕ ಹಾಕಿ. ತಿರುಗಿಸಿದ್ದರ ಫಲ ತಾಗತೊಡಗಿದ ಮೇಲಿನ ಮೊದಲ ನಿಮಿಷದಲ್ಲಿ ನೀರು ಒಂದೇ ಸಮನೆ ಬಿಸಿಯಾಗುತ್ತಾ ಬಂದು, ನಿಮಿಷದ ಕೊನೆಗೆ ನಿಮಗೆ ಬೇಕಾದ ಹದಕ್ಕೆ ಸರಿಯಾಗಿ ಮುಟ್ಟುತ್ತದೆ. ‘ಆಹಾ, ಸರಿಹೋಯಿತು’ ಎಂದು ಕೈ ಹಿಂತೆಗೆಯುತ್ತೀರಿ. ಆದರೆ ಕಳೆದ ಒಂದು ನಿಮಿಷದಲ್ಲಿ ನೀವು ತಿರುಗಿಸಿದ್ದೆಲ್ಲ ಇನ್ನೂ ಪೈಪಿನಲ್ಲಿದೆ. ನೀರು ಇನ್ನೂ ಬಿಸಿಯಾಗುತ್ತದೆ. ಎರಡನೇ ನಿಮಿಷದ ಕೊನೆಗೆ ಬೇಕಾದದ್ದಕ್ಕಿಂತ 5 ಡಿಗ್ರಿ ಹೆಚ್ಚು. ಅದೇ ಶಿಖರ. ಅಲ್ಲಿಂದ ಇಳಿಮುಖ.

ಇಲ್ಲೊಂದು ಸೊಗಸಿದೆ. ಶಿಖರ ಬಂದದ್ದು, ಎಲ್ಲ ಸರಿಯಾಯಿತು ಎನಿಸಿದ ಗಳಿಗೆಯಿಂದ ಸರಿಯಾಗಿ ಒಂದು ತಡದ ನಂತರ. ಇದು ಕಾಕತಾಳೀಯವಲ್ಲ. ಶಿಖರದಲ್ಲಿ ಏರಿಕೆಯ ವೇಗ ಸೊನ್ನೆಯಾಗಬೇಕು. ಆ ವೇಗವನ್ನು ನಿರ್ಧರಿಸುವುದು ಒಂದು ತಡದ ಹಿಂದಿನ ಕೊರತೆ. ಆದ್ದರಿಂದ ಒಂದು ತಡದ ಹಿಂದೆ ಕೊರತೆ ಸೊನ್ನೆಯಾಗಿರಲೇಬೇಕು.

ಈ ವ್ಯವಸ್ಥೆಯಲ್ಲಿ ಎಲ್ಲವನ್ನೂ ಆಳುವುದು ಒಂದೇ ಸಂಖ್ಯೆ. ತಡವನ್ನು ಅವಸರದಿಂದ, ಅಂದರೆ ಒಂದು ಡಿಗ್ರಿ ಕೊರತೆಗೆ ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸುತ್ತೀರೋ ಆ ಸಂಖ್ಯೆಯಿಂದ, ಗುಣಿಸಿ. ಗುಣಲಬ್ಧ 0.368ರ ಒಳಗಿದ್ದರೆ ನೀರು ಮಿತಿ ಮೀರದೆ ಹದಕ್ಕೆ ಬಂದು ನಿಲ್ಲುತ್ತದೆ. 0.368ರಿಂದ 1.571ರವರೆಗೆ, ಒಮ್ಮೆ ಸುಟ್ಟು ಒಮ್ಮೆ ಕೊರೆದು, ಕೊನೆಗೆ ಶಾಂತವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 1. ಆದರೆ 1.571, ಅಂದರೆ ಪೈನ ಅರ್ಧ, ದಾಟಿತೋ, ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಅವಸರವೇ ಅಪಘಾತಕ್ಕೆ ಕಾರಣ ಎಂದು ಹೆದ್ದಾರಿಯಲ್ಲಿ ಬರೆದಿರುತ್ತಾರಲ್ಲ, ಗಣಿತ ಅದಕ್ಕೆ ದಶಮಾಂಶ ಸೇರಿಸಿದೆ, ಅಷ್ಟೆ.

ದಾರಿಯಲ್ಲಿರುವುದೂ ಲೆಕ್ಕಕ್ಕೆ ಸೇರಬೇಕು

ಈಗ ಎರಡು ಮನೆಗಳನ್ನು ನೋಡಿ. ಎರಡರಲ್ಲೂ ಈ ಕ್ಷಣ ನೀರು ಹದವಾಗಿದೆ. ಒಂದು ಮನೆಯಲ್ಲಿ ಕಳೆದ ಒಂದು ನಿಮಿಷವೂ ಹದವಾಗಿಯೇ ಇತ್ತು. ಮತ್ತೊಂದರಲ್ಲಿ ಈ ಕ್ಷಣದವರೆಗೆ 10 ಡಿಗ್ರಿ ತಣ್ಣಗಿತ್ತು. ಮೊದಲನೆಯ ಮನೆಯಲ್ಲಿ ಮುಂದೇನೂ ಆಗುವುದಿಲ್ಲ. ಎರಡನೆಯದರಲ್ಲಿ ಇನ್ನೊಂದು ನಿಮಿಷಕ್ಕೆ ನೀರು 10 ಡಿಗ್ರಿ ಹೆಚ್ಚು ಸುಡುತ್ತದೆ. ಥರ್ಮಾಮೀಟರು ಎರಡೂ ಕಡೆ ಒಂದೇ ಅಂಕಿ ತೋರಿಸುತ್ತಿದೆ. ಭವಿಷ್ಯ ಮಾತ್ರ ಬೇರೆ.

ಅಂದರೆ ತಡವಿರುವಲ್ಲಿ ‘ಈಗಿನ ಸ್ಥಿತಿ’ ಎಂಬುದು ಒಂದು ಅಂಕಿಯಲ್ಲ. ಕಳೆದ ಒಂದು ತಡದಷ್ಟು ಕಾಲದ ಇಡೀ ಚರಿತ್ರೆಯೇ ಈಗಿನ ಸ್ಥಿತಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ಹಣವನ್ನಷ್ಟೇ ನೋಡಿದರೆ ಸಾಲದು. ಬರೆದುಕೊಟ್ಟು ಇನ್ನೂ ನಗದಾಗದ ಚೆಕ್ಕುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2021ರ ಬೇಸಗೆಯಲ್ಲಿ ನಾವೆಲ್ಲ ಇದನ್ನು ಅನುಭವಿಸಿದೆವು. ಕೋವಿಡ್ ಎರಡನೇ ಅಲೆಯಲ್ಲಿ ರಾಜ್ಯಕ್ಕೆ ಏಪ್ರಿಲ್ 27ರ ರಾತ್ರಿಯಿಂದ ಬಾಗಿಲು ಹಾಕಿದರು. ಆದರೂ ದಿನದ ಹೊಸ ಪ್ರಕರಣಗಳು ಏರುತ್ತಲೇ ಹೋಗಿ, ಮೇ 5ರಂದು 50 ಸಾವಿರ ದಾಟಿದವು. ಬಾಗಿಲು ಹಾಕಿ ಪ್ರಯೋಜನವಾಗಲಿಲ್ಲ ಎಂದು ಆ ವಾರ ಬೈದುಕೊಂಡವರಲ್ಲಿ ನಾನೂ ಒಬ್ಬ. ಸೋಂಕು ತಗುಲಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ, ಪರೀಕ್ಷೆಗೂ, ವರದಿಗೂ ನಡುವೆ ದಿನಗಳ ಅಂತರವಿತ್ತು. ನಾವು ನೋಡುತ್ತಿದ್ದದ್ದು ಮರದ ಹನಿಯನ್ನು. ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಹಾಕುವವರಿಗೆ ಬೇಕಾಗಿದ್ದದ್ದು ಸರಾಸರಿಯೂ ಅಲ್ಲ, ಕೊನೆಯ ಸ್ಥಿತಿಯೂ ಅಲ್ಲ. ಶಿಖರ ಎಷ್ಟು ಎಂಬ ಒಂದೇ ಅಂಕಿ.

ವೃಷಭಾವತಿಯ ಗಡಿಯಾರ

ನಮ್ಮ ಪಶ್ಚಿಮ ಬೆಂಗಳೂರಿನ ಅತಿ ದೊಡ್ಡ ತಡದ ವ್ಯವಸ್ಥೆ ನಮ್ಮ ಕಾಲಡಿಯಲ್ಲೇ ಹರಿಯುತ್ತಿದೆ. ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ಊರು. ದಿಣ್ಣೆಯ ಈ ಮಗ್ಗುಲಲ್ಲಿ ಬಿದ್ದ ಮಳೆ ರಾಜಕಾಲುವೆಗಳನ್ನು ಹಿಡಿದು ವೃಷಭಾವತಿಯನ್ನು ಸೇರಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ, ನಾಯಂಡಹಳ್ಳಿಯ ಮೇಲೆ, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯನ್ನು ತುಂಬಿ ಅರ್ಕಾವತಿಗೆ ಹೋಗುತ್ತದೆ. ಕಡೆಗೆ ಕಾವೇರಿ.

ಒಂದು ಚದರ ಕಿಲೋಮೀಟರಿನ ಮೇಲೆ ಗಂಟೆಗೆ 36 ಮಿಲಿಮೀಟರಿನಂತೆ ಮಳೆ ಸುರಿಯುತ್ತಿದ್ದು, ಕಾಂಕ್ರೀಟಿನ ಊರಿನಲ್ಲಿ ಒಂದು ಹನಿಯೂ ಇಂಗದಿದ್ದರೆ, ಹೊರಬರುವುದು ಸೆಕೆಂಡಿಗೆ 10 ಘನ ಮೀಟರ್, ಅಂದರೆ 10,000 ಲೀಟರ್. ಕಾಲುವೆಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ಓಡುತ್ತದೆ ಎಂದುಕೊಂಡರೆ 12 ಕಿಲೋಮೀಟರು ಕ್ರಮಿಸಲು 100 ನಿಮಿಷ. ರಾಜಾಜಿನಗರದಲ್ಲಿ ಮಳೆ ನಿಂತು, ಜನ ಅಂಗಡಿಯ ಸೂರಿನಿಂದ ಇಳಿದು ಮನೆ ಸೇರಿ ಕಾಫಿ ಕುಡಿಯುವ ಹೊತ್ತಿಗೆ ಕೆಂಗೇರಿಯ ಕಡೆ ನೀರು ಏರುತ್ತಿರುತ್ತದೆ. ಅಲ್ಲಿ ಆಕಾಶ ನೋಡಿದರೆ ನಕ್ಷತ್ರ.

ಇನ್ನೊಂದು ತೊಡಕಿದೆ. ಒಂದು ಕಾಲುವೆಯ ತಡ 100 ನಿಮಿಷ, ಮತ್ತೊಂದರದು 40 ನಿಮಿಷ ಎನ್ನಿ. ಎರಡು ಕಡೆಯೂ ಒಟ್ಟಿಗೆ ಮಳೆ ಬಿದ್ದರೆ ಎರಡು ಸಣ್ಣ ಶಿಖರಗಳು ಬೇರೆ ಬೇರೆ ಹೊತ್ತಿಗೆ ಬಂದು ಹೋಗುತ್ತವೆ. ಆದರೆ ಮೋಡ ಸರಿದುಕೊಂಡು ಹೋಗಿ ಎರಡನೆಯ ಕಡೆ 60 ನಿಮಿಷ ತಡವಾಗಿ ಸುರಿದರೆ? ಎರಡೂ ಶಿಖರಗಳು ಒಂದೇ ಗಳಿಗೆಗೆ ಸಂಗಮವನ್ನು ಮುಟ್ಟುತ್ತವೆ. ಬಿದ್ದ ಮಳೆ ಅಷ್ಟೇ. ಏರಿದ ನೀರು ಹೆಚ್ಚು. ಆದ್ದರಿಂದ ‘ಎಷ್ಟು ಮಳೆ’ ಎಂಬ ಪ್ರಶ್ನೆಗಿಂತ ‘ಯಾವ ಚರಿತ್ರೆಯ ಮಳೆ’ ಎಂಬುದು ಮುಖ್ಯ. ಅಂಥ ಚರಿತ್ರೆಗಳಿಗೆ ಲೆಕ್ಕವಿಲ್ಲ.

ಇಲ್ಲಿ ಹಿಂದೆ ಕೆರೆಗಳಿದ್ದವು. ಅಗಸನ ಕೆರೆ ಇಂದು ಗಾಯತ್ರಿ ದೇವಿ ಪಾರ್ಕು. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನ. ಕೇತಮಾರನಹಳ್ಳಿಯ ಕೆರೆಯ ಜಾಗದಲ್ಲಿ ಮನೆಗಳು. ಕೆರೆ ಎಂದರೆ ಕಾಲುವೆಯ ನಡುವೆ ಇಟ್ಟ ತಡ. ಅದು ನೀರನ್ನು ಹಿಡಿದು, ಹರಡಿ, ನಿಧಾನವಾಗಿ ಬಿಟ್ಟು ಶಿಖರವನ್ನು ಚಪ್ಪಟೆ ಮಾಡುತ್ತಿತ್ತು. ಕೆರೆ ಮುಚ್ಚಿ, ಕಾಲುವೆಗೆ ಕಾಂಕ್ರೀಟು ಮೆತ್ತಿದ ಮೇಲೆ ನೀರು ಬೇಗ ಬರುತ್ತದೆ, ಒಟ್ಟಿಗೆ ಬರುತ್ತದೆ. ಎಲ್ಲ ತಡವೂ ಶತ್ರುವಲ್ಲ. ತಿಳಿಯುವುದರಲ್ಲಿ, ತೀರ್ಮಾನಿಸುವುದರಲ್ಲಿ ಆಗುವ ತಡ ಕೆಟ್ಟದ್ದು. ಹರಿಯುವುದರಲ್ಲಿ ಆಗುವ ತಡ ಒಳ್ಳೆಯದಿರಬಹುದು.

ಸರ್ ಎಂ. ವಿಶ್ವೇಶ್ವರಯ್ಯನವರ ಕೆಲಸದಲ್ಲಿ ಈ ಎರಡೂ ಕಾಣುತ್ತವೆ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಕೂಡಿಸಿದ ಸ್ವಯಂಚಾಲಿತ ಗೇಟುಗಳು, ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ಯಾರ ಅಪ್ಪಣೆಗೂ ಕಾಯದೆ ತೆರೆದುಕೊಳ್ಳುತ್ತಿದ್ದವು. ಅಲ್ಲಿ ಅವರು ತೀರ್ಮಾನದ ತಡವನ್ನು ತೆಗೆದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ, ಊರಿನ ಮೇಲ್ಗಡೆ ನೀರನ್ನು ತಡೆದಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹಾಗೆ ಹುಟ್ಟಿದವು. ಅಲ್ಲಿ ಅವರು ಹರಿವಿಗೆ ತಡವನ್ನು ಸೇರಿಸಿದರು.

ಕಂಡ ಗರಿಷ್ಠ, ಮೀರಲಾರದ ಗರಿಷ್ಠ

ಶಿಖರವನ್ನು ತಿಳಿಯುವ ಸಾಮಾನ್ಯ ದಾರಿ ಎಂದರೆ ಕಂಪ್ಯೂಟರಿನಲ್ಲಿ ಮಳೆ ಸುರಿಸಿ ನೋಡುವುದು. ಬೆಂಗಳೂರಿನ ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳಿವೆ; ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಗರದ ಪ್ರವಾಹಕ್ಕೊಂದು ಮಾದರಿಯನ್ನು ಕಟ್ಟಿವೆ; ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪ್ ಅದರ ಫಲ. ನಾಳೆಯ ಮುನ್ಸೂಚನೆಗೆ ಇದು ಬೇಕೇ ಬೇಕು.

ಆದರೆ ಸಾವಿರ ಮಳೆಗಳನ್ನು ಓಡಿಸಿ ನೋಡಿದರೂ ನಮಗೆ ಸಿಗುವುದು ಕಂಡ ಗರಿಷ್ಠ. ಸಾವಿರದ ಒಂದನೆಯದು ಅದನ್ನು ಮೀರದು ಎಂದು ಯಾರು ಹೇಳಬೇಕು? ಬೆಂಗಳೂರಿನಲ್ಲಿ ಜೂನ್ ತಿಂಗಳ ಒಂದು ದಿನದ ಗರಿಷ್ಠ ಮಳೆ 1891ರಲ್ಲಿ ಬಿದ್ದ 101.6 ಮಿಲಿಮೀಟರ್ ಎಂದು ದಾಖಲೆಯಿತ್ತು. 133 ವರ್ಷ ಅದು ಅಲುಗಲಿಲ್ಲ. 2024ರ ಜೂನ್ 2ರಂದು 111.1 ಮಿಲಿಮೀಟರ್ ಬಿತ್ತು. ಕಂಡ ಗರಿಷ್ಠದ ಆಯುಷ್ಯ ಅಷ್ಟೇ.

ಸೇತುವೆ ಕಟ್ಟುವವರಿಗೆ, ವಿಮಾನದ ರೆಕ್ಕೆ ವಿನ್ಯಾಸ ಮಾಡುವವರಿಗೆ ಬೇಕಾದದ್ದು ಮೀರಲಾರದ ಗರಿಷ್ಠ. ಇಂತಿಂಥ ನಿಯಮಗಳಿಗೆ ಒಳಪಟ್ಟ ಯಾವ ಚರಿತ್ರೆಯಿಂದ ಹೊರಟರೂ ಈ ಮಟ್ಟ ದಾಟುವುದಿಲ್ಲ ಎಂಬ ಸಾಕ್ಷಿ.

ಬಚ್ಚಲುಮನೆಗೆ ಹಿಂತಿರುಗಿ ಅಂಥ ಒಂದು ಸಾಕ್ಷಿಯನ್ನು ಕೈಯಲ್ಲೇ ಕಟ್ಟೋಣ. ಕಳೆದ ಒಂದು ನಿಮಿಷದಲ್ಲಿ ನೀರು ಹದಕ್ಕಿಂತ 10 ಡಿಗ್ರಿ ಆಚೀಚೆ ಹೇಗೆ ಬೇಕಾದರೂ ಕುಣಿದಿರಲಿ. ಮುಂದಿನ ಒಂದು ನಿಮಿಷದಲ್ಲಿ ಅದು ಹೆಚ್ಚೆಂದರೆ 10 ಡಿಗ್ರಿ ಏರಬಲ್ಲದು. ಹೊರಟದ್ದು ಹೆಚ್ಚೆಂದರೆ 10ರಿಂದ. ಆದ್ದರಿಂದ 20ನ್ನು ದಾಟದು. ಆಮೇಲೆ? ಆಮೇಲಿನ ಯಾವುದೇ ಶಿಖರಕ್ಕೆ ಒಂದು ನಿಮಿಷ ಮೊದಲು ನೀರು ಹದವನ್ನು ಹಾದಿರಲೇಬೇಕು ಎಂದು ಆಗಲೇ ಕಂಡೆವು. ಸೊನ್ನೆಯಿಂದ ಹೊರಟು ಒಂದು ನಿಮಿಷದಲ್ಲಿ, 20 ಡಿಗ್ರಿಗಿಂತ ಹೆಚ್ಚು ತಣ್ಣಗಾಗದ ನೀರು 20ಕ್ಕಿಂತ ಹೆಚ್ಚು ಏರಲಾರದು. ಮುಗಿಯಿತು. ಒಂದೇ ಒಂದು ಚರಿತ್ರೆಯನ್ನೂ ಓಡಿಸಿ ನೋಡದೆ, ಎಲ್ಲ ಚರಿತ್ರೆಗಳಿಗೂ ಸಲ್ಲುವ ಮಾತನ್ನು ಆಡಿದೆವು.

ಹಳ್ಳಿಯಲ್ಲಿ ಇದಕ್ಕೆ ಹೆಸರಿದೆ: ಕೋಡಿ. ಕೆರೆ ಕಟ್ಟಿದವರು ಹನಿಗಳನ್ನು ಎಣಿಸಲಿಲ್ಲ. ಏರಿಗಿಂತ ತಗ್ಗಿನಲ್ಲಿ ಸಾಕಷ್ಟು ಅಗಲದ ಕೋಡಿ ಬಿಟ್ಟು, ನೀರು ಇಲ್ಲಿಂದಾಚೆಗೆ ಏರದು ಎಂದರು. ಗಣಿತದ ಕೋಡಿಗೆ ಎರಡು ಗುಣ ಬೇಕು. ವ್ಯವಸ್ಥೆ ಹೇಗೆ ಚಲಿಸಿದರೂ ಅದರ ಬೆಲೆ ಏರಕೂಡದು. ಎಲ್ಲ ಕಡೆಯೂ ಅದು ನಾವು ಅಳೆಯುತ್ತಿರುವ ಮಟ್ಟಕ್ಕಿಂತ ಮೇಲೇ ಇರಬೇಕು. ಹಾಗಿದ್ದರೆ ಹೊರಡುವಾಗ ಅದರ ಬೆಲೆ ಎಷ್ಟಿತ್ತೋ ಅದೇ ಶಿಖರದ ಮೇಲ್ಮಿತಿ. ತಡವಿದ್ದರೆ ಕೋಡಿ ಎರಡು ಭಾಗದ್ದಾಗುತ್ತದೆ: ಈಗಿನ ಮಟ್ಟದ್ದೊಂದು, ದಾರಿಯಲ್ಲಿರುವುದರ ಕೂಡುಬಾಕಿಯದ್ದೊಂದು. ತಡದ ವ್ಯವಸ್ಥೆಗಳಿಗೆ ಇಂಥ ಕೂಡುಬಾಕಿಯ ವಿಧಾನವನ್ನು ಕಟ್ಟಿಕೊಟ್ಟವನು ಸೋವಿಯತ್ ಗಣಿತಜ್ಞ ಕ್ರಾಸೋವ್‌ಸ್ಕಿ.

ಒರಳು ಮತ್ತು ಪಡ್ಡಿನ ಕಾವಲಿ

ಬಚ್ಚಲುಮನೆಗೆ ಕೋಡಿ ಕೈಯಲ್ಲೇ ಸಿಕ್ಕಿತು. ಹತ್ತು ಕಾಲುವೆಗಳ ಊರಿಗೆ ಹುಡುಕುವುದು ಹೇಗೆ? ಇಲ್ಲಿ ಕಾನ್ವೆಕ್ಸ್ ಆಪ್ಟಿಮೈಸೇಶನ್ ಬರುತ್ತದೆ. ಪೀನ ಮಸೂರದ ಆ ಪೀನವೇ ಇದು.

ಪಡ್ಡು ಹುಯ್ಯುವ ಕಾವಲಿಯ ಮೇಲೆ ಒಂದು ಸಾಸಿವೆ ಕಾಳು ಹಾಕಿ. ಹತ್ತಿರದ ಗುಳಿಗೆ ಬೀಳುತ್ತದೆ. ಅದೇ ಎಲ್ಲಕ್ಕಿಂತ ಆಳದ ಗುಳಿಯೇ? ಕಾಳಿಗೆ ಗೊತ್ತಿಲ್ಲ. ಒರಳಿನಲ್ಲಿ ಹಾಕಿ. ಎಲ್ಲಿ ಹಾಕಿದರೂ ತಳಕ್ಕೇ ಬರುತ್ತದೆ, ತಳ ಒಂದೇ. ಸಮಸ್ಯೆಯನ್ನು ಒರಳಿನ ರೂಪಕ್ಕೆ ತಂದರೆ ಉತ್ತರವನ್ನು ನಂಬಬಹುದು. ಇಂಥ ಬಗೆಯ ಸರಳ ಸಮಸ್ಯೆಗಳನ್ನು ವೇಗವಾಗಿ ಬಿಡಿಸುವ ದಾರಿಯನ್ನು 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ತೋರಿಸಿದವರು ನಮ್ಮ ದೇಶದವರೇ ಆದ ನರೇಂದ್ರ ಕರ್ಮಾರ್ಕರ್. ಅದೇ ಜಾಡಿನ ವಿಧಾನಗಳು ಮುಂದೆ ಇನ್ನಷ್ಟು ಕಠಿಣ ಪೀನ ಸಮಸ್ಯೆಗಳಿಗೂ ಹಬ್ಬಿದವು.

ನಮ್ಮ ಶಿಖರ ಮೂಲತಃ ಪಡ್ಡಿನ ಕಾವಲಿ. ಒರಳು ಮಾಡುವ ಉಪಾಯ ಹೀಗೆ. ಒಬ್ಬೊಬ್ಬ ಪ್ರಯಾಣಿಕನ ಹಿಂದೆ ಹೋಗಬೇಡಿ, ತಲೆ ಎಣಿಸಿ. 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಬಂದ ನೇರಳೆ ಮಾರ್ಗವನ್ನೇ ತೆಗೆದುಕೊಳ್ಳಿ. ಯಾವ ನಿಲ್ದಾಣದಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಎಂಬ ಪಟ್ಟಿ ಸಾಕು. ಪಟ್ಟಿಗೆ ಒಂದೇ ಕಟ್ಟಳೆ: ಹತ್ತಿದವರು, ಒಳಗಿರುವವರು, ಇಳಿದವರು ತಾಳೆಯಾಗಬೇಕು. ಚಲನೆಯ ನಿಯಮ ಎಷ್ಟೇ ವಕ್ರವಾಗಿರಲಿ, ಪಟ್ಟಿಯ ತಾಳೆ ಬರೀ ಕೂಡುವ ಕಳೆಯುವ ಲೆಕ್ಕ. ಗಣಿತದಲ್ಲಿ ಈ ಪಟ್ಟಿಗೆ ಆಕ್ಯುಪೇಶನ್ ಮೆಷರ್ ಎನ್ನುತ್ತಾರೆ. ವಾಸದ ಅಳತೆ ಎನ್ನೋಣ.

ತಡವಿದ್ದರೆ ಎರಡು ಹಾಜರಿ ಪುಸ್ತಕ ಇಡಬೇಕು. ಒಂದು ಈಗಿನದು, ಇನ್ನೊಂದು ಒಂದು ತಡದ ಹಿಂದಿನದು. ಎರಡನೆಯದು ಸ್ವತಂತ್ರವಲ್ಲ. ಮೊದಲ ಪುಸ್ತಕದ ಪುಟಗಳನ್ನೇ ಒಂದು ತಡದಷ್ಟು ಮುಂದೆ ಸರಿಸಿ, ಆರಂಭದ ಖಾಲಿ ಹಾಳೆಗಳಿಗೆ ಚರಿತ್ರೆಯನ್ನು ಅಂಟಿಸಿದರೆ ಅದೇ ಸಿಗಬೇಕು. 2023ರಲ್ಲಿ ಜೇರೆಡ್ ಮಿಲ್ಲರ್, ಮಿಲನ್ ಕೋರ್ಡಾ, ವಿಕ್ಟರ್ ಮಾಗ್ರೋನ್, ಮಾರಿಯೊ ಸ್ನೈಯರ್ ಎಂಬ ನಾಲ್ವರು ತಡದ ವ್ಯವಸ್ಥೆಗಳ ಶಿಖರಕ್ಕೆ ಕಟ್ಟಿದ ವಿಧಾನದ ತಿರುಳು ಈ ಎರಡನೇ ಪುಸ್ತಕ.

ಕೋಡಿ ಎಲ್ಲ ಕಡೆಯೂ ಮೇಲಿದೆಯೇ ಎಂದು ಪರೀಕ್ಷಿಸುವುದಕ್ಕೂ ಉಪಾಯವಿದೆ. ಅ² − 4ಅ + 5 ಎಂಬ ಬಹುಪದೋಕ್ತಿ ಎಂದಾದರೂ ಸೊನ್ನೆಗಿಂತ ಕೆಳಗಿಳಿಯುತ್ತದೆಯೇ? ಒಂದೊಂದೇ ಬೆಲೆ ಹಾಕಿ ನೋಡುತ್ತಾ ಹೋದರೆ ಮುಗಿಯದು. (ಅ − 2)² + 1 ಎಂದು ಬರೆಯಿರಿ: ವರ್ಗ ಎಂದಿಗೂ ಋಣವಾಗದು, ಮಾತು ಮುಗಿಯಿತು. ಋಣವಾಗದ ಬಹುಪದೋಕ್ತಿಗಳೆಲ್ಲವೂ ಹೀಗೆ ವರ್ಗಗಳ ಮೊತ್ತವಾಗುವುದಿಲ್ಲ ಎಂದು ಹಿಲ್ಬರ್ಟ್ 1888ರಲ್ಲೇ ತೋರಿಸಿದ್ದ. ಆದರೂ ವರ್ಗಗಳನ್ನು ಹುಡುಕುವುದು ಒರಳಿನ ಸಮಸ್ಯೆ. 2000ದ ಆಸುಪಾಸಿನಲ್ಲಿ ಪ್ಯಾಬ್ಲೊ ಪರಿಲೊ, ಜ್ಯಾನ್ ಬರ್ನಾರ್ಡ್ ಲಾಸೇರ್ ಇಬ್ಬರೂ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ದಾರಿ ಮಾಡಿಕೊಟ್ಟರು. ಪ್ರತಿ ಮೆಟ್ಟಿಲೂ ಒಂದು ಮೇಲ್ಮಿತಿ. ಮುಂದಿನ ಮೆಟ್ಟಿಲಿನ ಮಿತಿ ಅದಕ್ಕಿಂತ ಸಡಿಲವಾಗದು.

ಬೆಲೆ

ಇಷ್ಟಕ್ಕೂ ತೆರಬೇಕಾದ ಬೆಲೆ ಇದೆ. ಎರಡು ಅಂಶಗಳಿರುವ ವ್ಯವಸ್ಥೆಗೆ ಕಾಲವೂ ಸೇರಿ ಮೂರು ಚರಾಕ್ಷರ. ನಾಲ್ಕನೇ ಮೆಟ್ಟಿಲಿನಲ್ಲಿ ಬಿಡಿಸಬೇಕಾದ ಮಾತೃಕೆ 35 ಸಾಲು, 35 ಕಂಬ. ತಡ ಸೇರಿದರೆ ಅದೇ ಎರಡು ಅಂಶಗಳ ಹಳೆಯ ಪ್ರತಿಯೂ ಬಂದು ಚರಾಕ್ಷರ ಐದು; ಮಾತೃಕೆ 126. ಅಂಶಗಳು ಹೆಚ್ಚಿದಂತೆ ಇದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಯಾವ ಯಂತ್ರದ ಹಿಡಿತಕ್ಕೂ ಸಿಗದಷ್ಟು ಬೆಳೆಯುತ್ತದೆ. ಇಡೀ ವೃಷಭಾವತಿಯನ್ನು, ಅದರ ಎಲ್ಲ ಕವಲುಗಳ ಸಮೇತ, ಇಂದು ಈ ವಿಧಾನದಲ್ಲಿ ಬಿಡಿಸಬಹುದೆಂದು ನಾನು ಹೇಳಿದರೆ ಮೇಷ್ಟ್ರ ದತ್ತಿಗೆ ಅಪಚಾರ.

ಇನ್ನೊಂದು ಮಾತು. ತಡವಿಲ್ಲದ ವ್ಯವಸ್ಥೆಗಳಲ್ಲಿ, ಕೆಲವು ಸಹಜ ನಿಬಂಧನೆಗಳಡಿ, ಮೆಟ್ಟಿಲು ಏರುತ್ತಾ ಹೋದರೆ ಮಿತಿ ನಿಜವಾದ ಶಿಖರಕ್ಕೇ ಇಳಿದು ಬರುತ್ತದೆ. ತಡವಿದ್ದಾಗ ಆ ಭರವಸೆ ಅಷ್ಟು ಸಲೀಸಲ್ಲ. ತಲೆ ಎಣಿಸಿದ ಪಟ್ಟಿಯು ಯಾವ ಪ್ರಯಾಣಿಕನೂ ಮಾಡದ ಪ್ರಯಾಣವನ್ನೂ ಒಳಗೊಳ್ಳಬಹುದು. ಆದರೆ ತಪ್ಪು ಒಂದೇ ಕಡೆಗೆ. ಮಿತಿ ಬೇಕಾದದ್ದಕ್ಕಿಂತ ಎತ್ತರವಾಗಬಹುದು, ತಗ್ಗಾಗುವುದಿಲ್ಲ. ಒಂದಡಿ ಹೆಚ್ಚು ಎತ್ತರದ ತಡೆಗೋಡೆಗೆ ಹೆಚ್ಚುವರಿ ಇಟ್ಟಿಗೆ ಖರ್ಚು. ಒಂದಡಿ ಗಿಡ್ಡ ಗೋಡೆಗೆ ಆಗುವ ಖರ್ಚು ಯಾವುದು ಎಂಬುದನ್ನು, ತುಂಬಿದ ನೀರು ಒಳನುಗ್ಗಿದ ಗಾಳಿ ಆಂಜನೇಯನ ಪ್ರಾಂಗಣವನ್ನು ಕಂಡವರಿಗೆ ಹೇಳಬೇಕಿಲ್ಲ.

ಆದ್ದರಿಂದ ನಾನು ಇಂದು ಕೇಳಿಕೊಳ್ಳುವುದು ಇಷ್ಟೇ. ಯಾರಾದರೂ ನಿಮಗೆ ಒಂದು ಗರಿಷ್ಠವನ್ನು ಹೇಳಿದರೆ, ಅದು ಕಾಲುವೆಯದಿರಲಿ, ರೋಗದ್ದಿರಲಿ, ಎರಡು ಪ್ರಶ್ನೆ ಕೇಳಿ. ಇದು ಕಂಡ ಗರಿಷ್ಠವೋ, ಮೀರಲಾರದ ಗರಿಷ್ಠವೋ? ದಾರಿಯಲ್ಲಿರುವುದನ್ನು ಲೆಕ್ಕಕ್ಕೆ ಹಿಡಿದಿದ್ದೀರಾ?

ಹೊರಗೆ ಮಳೆ ನಿಂತಿರುವಂತಿದೆ. ಕೆಂಗೇರಿಯ ಕಡೆಗೆ ಹೋಗುವವರು ಆತುರಪಡಬೇಡಿ. ಇಲ್ಲಿ ಬಿದ್ದ ನೀರು ನಿಮಗಿಂತ ಸ್ವಲ್ಪ ಮುಂದೆ ಹೊರಟಿದೆ.